ಬಾಟಲಿಯೊಳಗಿನ ಬಸವನಹುಳು

ಮಕ್ಕಳೇ, ನಿಮ್ಮ ಸ್ನೇಹಿತರೊಬ್ಬರು ನಿಮಗೆ ಒಂದು ಜ್ಯೂಸ್ ಬಾಟಲಿ ಕೊಡಿಸಿದರು ಎಂದುಕೊಳ್ಳಿ. ದುಡ್ಡು ಕೊಟ್ಟವರು ಅವರು, ಕುಡಿದವರು ನೀವು. ಅದರಲ್ಲಿ ಏನೋ ಕೊಳೆತದ್ದು ಇದ್ದು ನಿಮಗೆ ಕಾಯಿಲೆಯಾಯಿತು. ಈಗ ಯಾರನ್ನು ಕೇಳುತ್ತೀರಿ? ಅಂಗಡಿಯವನಿಗೆ ನೀವು ಒಂದು ಪೆನ್ನಿಯನ್ನೂ ಕೊಟ್ಟಿಲ್ಲ. ಪ್ರೀತಿಯಿಂದ ಕೊಡಿಸಿದ ಸ್ನೇಹಿತರನ್ನು ಕೇಳುವುದು ಸರಿಯಲ್ಲ. ಇನ್ನು ಬಾಟಲಿ ತುಂಬಿದ ಕಂಪನಿಗೆ ನೀವು ಯಾರೆಂದೇ ಗೊತ್ತಿಲ್ಲ!

ನಮ್ಮ ಶಾಲೆಯ ದೊಡ್ಡ ಮಕ್ಕಳ ತರಗತಿಯಲ್ಲಿ ಈ ಪ್ರಶ್ನೆ ಕೇಳಿದಾಗ ಒಬ್ಬ ಹುಡುಗ ತಟ್ಟನೆ, "ಯಾರನ್ನೂ ಕೇಳೋಕಾಗಲ್ಲ ಟೀಚರ್, ಬ್ಯಾಡ್ ಲಕ್ ಅಷ್ಟೆ" ಎಂದ. ಎಲ್ಲರೂ ನಕ್ಕರು. ಆದರೆ 1932ರವರೆಗೆ ಈ ದೇಶದ ನ್ಯಾಯಾಲಯಗಳೂ ಬಹುಮಟ್ಟಿಗೆ ಅವನ ಮಾತನ್ನೇ ಹೇಳುತ್ತಿದ್ದವು. ಅದನ್ನು ಬದಲಾಯಿಸಿದ್ದು ಒಂದು ಬಸವನಹುಳು.

1928ರ ಆಗಸ್ಟ್ 26, ಭಾನುವಾರ. ಗ್ಲಾಸ್ಗೋದಲ್ಲಿ ವಾಸವಾಗಿದ್ದ ಮೇ ಡೊನೊಹ್ಯೂ ಎಂಬ ಬಡ ಹೆಂಗಸು ಹತ್ತಿರದ ಪೇಸ್ಲಿ ಎಂಬ ಊರಿಗೆ ಹೋಗಿದ್ದಳು. ಅಲ್ಲಿನ ವೆಲ್‌ಮೆಡೊ ಕೆಫೆಯಲ್ಲಿ ಜೊತೆಗಿದ್ದ ಸ್ನೇಹಿತರು ಅವಳಿಗೆ ಐಸ್‌ಕ್ರೀಮ್ ಮತ್ತು ಜಿಂಜರ್ ಬಿಯರ್ ತರಿಸಿದರು. (ಹೆಸರಿನಲ್ಲಿ ಬಿಯರ್ ಇದೆಯೆಂದು ಅಮ್ಮಂದಿರು ಗಾಬರಿಯಾಗಬೇಡಿ, ಅದು ಶುಂಠಿ ಸೋಡಾ.) ಬಾಟಲಿ ಕಡುಬಣ್ಣದ ಗಾಜಿನದು, ಒಳಗೇನಿದೆ ಎಂದು ಕಾಣುತ್ತಿರಲಿಲ್ಲ. ಐಸ್‌ಕ್ರೀಮಿನ ಮೇಲೆ ಸ್ವಲ್ಪ ಸುರಿದುಕೊಂಡು ಅವಳು ಸವಿದಳು. ಉಳಿದದ್ದನ್ನು ಸ್ನೇಹಿತರು ಲೋಟಕ್ಕೆ ಬಗ್ಗಿಸಿದಾಗ ಅರ್ಧ ಕೊಳೆತ ಬಸವನಹುಳು ತೇಲಿ ಬಂತು ಎಂಬುದು ಅವಳ ದೂರು. ಹೊಟ್ಟೆನೋವು ಶುರುವಾಗಿ, ಕೆಲವು ವಾರಗಳ ನಂತರ ಗ್ಲಾಸ್ಗೋದ ಆಸ್ಪತ್ರೆ ಸೇರಬೇಕಾಯಿತು.

ಅವಳ ವಕೀಲರ ಹೆಸರು ವಾಲ್ಟರ್ ಲೀಚ್‌ಮನ್. ಅವರ ಹಠವನ್ನು ನೋಡಿ. 1929ರ ಮಾರ್ಚಿನಲ್ಲಷ್ಟೇ ಅವರು ಇಂಥದೇ ಮೊಕದ್ದಮೆಯಲ್ಲಿ ಸೋತಿದ್ದರು. ಅದರಲ್ಲಿ ಜಿಂಜರ್ ಬಿಯರ್ ಬಾಟಲಿಯಲ್ಲಿ ಇದ್ದದ್ದು ಇಲಿ! ಬಾಟಲಿ ತುಂಬಿದವರಿಗೂ ಕುಡಿದವರಿಗೂ ಯಾವ ಒಪ್ಪಂದವೂ ಇಲ್ಲ, ಆದ್ದರಿಂದ ಹೊಣೆಯೂ ಇಲ್ಲ ಎಂದು ಸ್ಕಾಟ್ಲೆಂಡಿನ ನ್ಯಾಯಾಲಯ ಹೇಳಿತ್ತು. ಹಾಗಿದ್ದೂ ಮೂರೇ ವಾರದೊಳಗೆ ಅವರು ಬಸವನಹುಳುವಿನ ದಾವೆ ಹೂಡಿದರು. ಕೇಳಿದ ಪರಿಹಾರ 500 ಪೌಂಡ್. ಅಲ್ಲೂ ಸೋತ ಮೇಲೆ ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್‌ಗೆ ಮೇಲ್ಮನವಿ ಹೋಯಿತು. ಅಲ್ಲಿಯ ಖರ್ಚಿಗೆ ದುಡ್ಡೆಲ್ಲಿ? ತನ್ನ ಆಸ್ತಿಯೆಲ್ಲ ಸೇರಿದರೂ ಐದು ಪೌಂಡ್ ಆಗುವುದಿಲ್ಲ ಎಂದು ಪ್ರಮಾಣ ಮಾಡಿ, ಬಡವರಿಗಿದ್ದ ರಿಯಾಯಿತಿಯಲ್ಲಿ ಅವಳು ಮೊಕದ್ದಮೆ ಮುಂದುವರಿಸಿದಳು.

1932ರ ಮೇ 26ರಂದು ಐವರು ನ್ಯಾಯಾಧೀಶರಲ್ಲಿ ಮೂವರು ಅವಳ ಪರ, ಇಬ್ಬರು ವಿರುದ್ಧ ತೀರ್ಪು ಕೊಟ್ಟರು. ಒಬ್ಬರು ಆಚೆ ವಾಲಿದ್ದರೆ ಸೋಲೇ. ಲಾರ್ಡ್ ಆಟ್ಕಿನ್ ಅವರು ಬೈಬಲ್ಲಿನ "ನೆರೆಯವರನ್ನು ಪ್ರೀತಿಸು" ಎಂಬ ವಿಧಿಯನ್ನು ನೆನೆದು ಅದನ್ನು ಕಾನೂನಿನ ಭಾಷೆಗೆ ತಿರುಗಿಸಿದರು. ಪ್ರೀತಿಸಲೇಬೇಕೆಂದು ಕಾನೂನು ಹೇಳಲಾರದು, ಆದರೆ ನೆರೆಯವರಿಗೆ ಗಾಯ ಮಾಡಬಾರದು ಎಂದು ಹೇಳಬಲ್ಲದು. ನೆರೆಯವರು ಎಂದರೆ ಪಕ್ಕದ ಮನೆಯವರಷ್ಟೇ ಅಲ್ಲ. ನಾನು ಮಾಡುವ ಕೆಲಸದಿಂದ ಯಾರಿಗೆ ನೇರವಾಗಿ ತೊಂದರೆ ತಟ್ಟಬಹುದೋ, ಕೆಲಸ ಮಾಡುವಾಗ ನಾನು ಯಾರನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕೋ ಅವರೆಲ್ಲ ನನ್ನ ನೆರೆಯವರು. ಬಾಟಲಿ ತುಂಬುವವನಿಗೆ ಅದನ್ನು ಕುಡಿಯುವವರು ನೆರೆಯವರು, ದುಡ್ಡು ಯಾರೇ ಕೊಟ್ಟಿರಲಿ. ಇಂಗ್ಲೆಂಡಿನಲ್ಲೂ ಭಾರತದಲ್ಲೂ ಕಾನೂನು ಓದುವವರಿಗೆ ಇಂದಿಗೂ ಈ ಮೊಕದ್ದಮೆ ಪಾಠವಾಗಿದೆ.

"ಟೀಚರ್, ನಿಜವಾಗಿಯೂ ಬಸವನಹುಳು ಇತ್ತಾ?" ಎಂದು ಒಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ! ಅದು ಸಾಬೀತಾಗಲೇ ಇಲ್ಲ. ದೂರು ನಿಜವೆಂದು ಇಟ್ಟುಕೊಂಡರೆ ಹೊಣೆ ಇದೆಯೇ ಎಂಬುದಷ್ಟೇ ಲಾರ್ಡ್‌ಗಳ ಮುಂದಿದ್ದ ಪ್ರಶ್ನೆ. ಸಾಕ್ಷಿ ವಿಚಾರಣೆ ಆಗುವ ಮೊದಲೇ ಸೋಡಾ ತಯಾರಕ ಸ್ಟೀವನ್ಸನ್ ತೀರಿಕೊಂಡರು, ವಿಷಯ ರಾಜಿಯಲ್ಲಿ ಮುಗಿಯಿತು.

ಆದರೂ ಒಂದು ತೊಡಕು ಉಳಿಯಿತು. ತಯಾರಕರು ಅಜಾಗರೂಕರಾಗಿದ್ದರು ಎಂದು ಪೆಟ್ಟಾದವರೇ ತೋರಿಸಬೇಕಿತ್ತು. ಕಾರ್ಖಾನೆಯ ಒಳಗೆ ಏನು ನಡೆಯಿತೆಂದು ಹೊರಗಿನವರಿಗೆ ಹೇಗೆ ಗೊತ್ತಾಗಬೇಕು? ಬ್ರಿಟನ್ನಿನಲ್ಲಿ 1958ರಿಂದ 1961ರವರೆಗೆ ಥಾಲಿಡೊಮೈಡ್ ಎಂಬ ಔಷಧಿ ಮಾರಾಟದಲ್ಲಿತ್ತು. ಅದನ್ನು ಸೇವಿಸಿದ ಗರ್ಭಿಣಿಯರ ಎಷ್ಟೋ ಮಕ್ಕಳು ಕೈಕಾಲು ಊನವಾಗಿ ಹುಟ್ಟಿದರು. ಆ ತಂದೆತಾಯಿಗಳು ಪರಿಹಾರಕ್ಕಾಗಿ ವರ್ಷಗಟ್ಟಲೆ ಹೋರಾಡಬೇಕಾಯಿತು. ಇಂಥ ಅನುಭವಗಳ ನಂತರ 1985ರಲ್ಲಿ ಯುರೋಪಿನ ದೇಶಗಳು ಒಂದು ನಿಯಮ ಮಾಡಿದವು. ಅದರಂತೆ ಬ್ರಿಟನ್ನಿನಲ್ಲಿ 1987ರ ಗ್ರಾಹಕ ಸಂರಕ್ಷಣಾ ಕಾಯಿದೆ ಬಂತು. ಈ ಕಾಯಿದೆಯ ಪ್ರಕಾರ ತಯಾರಕರ ಅಜಾಗರೂಕತೆಯನ್ನು ತೋರಿಸಬೇಕಾಗಿಲ್ಲ. ವಸ್ತುವಿನಲ್ಲಿ ಸುರಕ್ಷತೆಯ ದೋಷವಿತ್ತು, ಅದರಿಂದಲೇ ಪೆಟ್ಟಾಯಿತು ಎಂದು ತೋರಿಸಿದರೆ ಸಾಕು. ತಯಾರಕರು ಹೊರದೇಶದವರಾದರೆ ಇಲ್ಲಿಗೆ ಆಮದು ಮಾಡಿದವರೂ, ತಮ್ಮ ಹೆಸರನ್ನು ಅಂಟಿಸಿ ತಮ್ಮದೇ ವಸ್ತುವೆಂಬಂತೆ ಮಾರಿದವರೂ ಹೊಣೆಗಾರರು.

ಈ ಪಾಠವನ್ನು ನಾನು ಏಕೆ ಆರಿಸಿಕೊಂಡೆ ಎಂದು ಈಗ ಹೇಳಬೇಕು. ನಾನು ವಕೀಲಳಲ್ಲ, ಶನಿವಾರದ ಕನ್ನಡ ಟೀಚರ್. ಮೂರು ಚಳಿಗಾಲದ ಹಿಂದೆ ನಮ್ಮ ಮಗಳು ಹೊಟ್ಟೆನೋವೆಂದು ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗಿದ್ದಳು. ಇಲ್ಲಿಯವರು ಅದನ್ನು ಹಾಟ್ ವಾಟರ್ ಬಾಟಲ್ ಎನ್ನುತ್ತಾರೆ. ಅದು ಇದ್ದಕ್ಕಿದ್ದಂತೆ ಅಂಚಿನಲ್ಲಿ ಬಿರಿದು ನೀರೆಲ್ಲ ತೊಡೆಯ ಮೇಲೆ ಸುರಿಯಿತು. ಅವಳ ಕೂಗು ಕೇಳಿ ನಾನು ಓಡಿದ್ದು ಟೂತ್‌ಪೇಸ್ಟ್ ತರಲು! ನಮ್ಮ ಕಡೆ ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್, ಇಂಕು ಹಚ್ಚುವುದನ್ನು ನೋಡಿಯೇ ಬೆಳೆದವಳು ನಾನು. ಪಕ್ಕದ ಮನೆಯ ಅಜ್ಜಿ ಹಿಂದೆ ನರ್ಸ್ ಆಗಿದ್ದವರು. ಅವರು ಬಂದು ನನ್ನ ಕೈಯಿಂದ ಟ್ಯೂಬ್ ಕಿತ್ತುಕೊಂಡು, ಮಗಳ ಒದ್ದೆ ಬಟ್ಟೆ ತೆಗೆಸಿ, ಪೂರ್ತಿ ಇಪ್ಪತ್ತು ನಿಮಿಷ ತಣ್ಣೀರಿನ ಷವರ್ ಕೆಳಗೆ ಕೂರಿಸಿದರು. ಆಮೇಲೆ ಅಡಿಗೆಮನೆಯ ಕ್ಲಿಂಗ್ ಫಿಲ್ಮ್ ಹೊದಿಸಿ ಆಸ್ಪತ್ರೆಗೆ ಕಳಿಸಿದರು. ಅವರು ಮಾಡಿದ್ದೇ ಸರಿ ಎಂದು ಅಲ್ಲಿನ ಡಾಕ್ಟರೂ ಹೇಳಿದರು. ಐಸ್, ಬೆಣ್ಣೆ, ಪೇಸ್ಟ್ ಯಾವುದೂ ಬೇಡ. ಬಟ್ಟೆ ಚರ್ಮಕ್ಕೆ ಅಂಟಿದ್ದರೆ ಮಾತ್ರ ಎಳೆಯಬಾರದು.

ಆ ರಾತ್ರಿಯೇ ನಮ್ಮ ಯಜಮಾನರು ಸಿಟ್ಟಿನಿಂದ ಆ ಚೀಲವನ್ನು ಕಸದ ಡಬ್ಬಿಗೆ ಎಸೆದರು. ಗುರುವಾರ ಕಸದ ಲಾರಿ ಬಂತು, ಚೀಲ ಹೋಯಿತು. ಎರಡು ವಾರ ಬಿಟ್ಟು ಅಂಗಡಿಗೆ ಹೋದಾಗ ಅವರು ಮರ್ಯಾದೆಯಿಂದಲೇ ಕೇಳಿದರು, "ಚೀಲ ತಂದಿದ್ದೀರಾ? ರಸೀದಿ ಇದೆಯಾ?" ಎರಡೂ ಇರಲಿಲ್ಲ. ಅದು ಕಳಪೆ ರಬ್ಬರೋ, ಅಥವಾ ಹಳೆಯದಾಗಿತ್ತೋ? ಕುದಿಯುವ ನೀರನ್ನು ಕೆಟಲ್‌ನಿಂದ ನೇರವಾಗಿ ಸುರಿದ ನನ್ನ ತಪ್ಪೋ? ಈಗ ಯಾರಿಗೂ ಗೊತ್ತಾಗುವುದಿಲ್ಲ. ಅಂಗಡಿಯವರನ್ನು ಬೈಯಲೂ ನನಗೆ ಅಧಿಕಾರವಿಲ್ಲ, ನನ್ನನ್ನು ನಾನು ಕ್ಷಮಿಸಿಕೊಳ್ಳಲೂ ಆಧಾರವಿಲ್ಲ. ಮಗಳು ಇಂದಿಗೂ ಈಜಿನ ತರಗತಿಗೆ ಮೊಣಕಾಲಿನವರೆಗಿನ ಚಡ್ಡಿ ಹಾಕಿಕೊಂಡೇ ಹೋಗುತ್ತಾಳೆ.

ಆದ್ದರಿಂದ ಪೋಷಕರಲ್ಲಿ ನನ್ನ ವಿನಂತಿ. ವಸ್ತುವಿನಿಂದ ಪೆಟ್ಟಾದರೆ ಅದನ್ನು ಎಸೆಯಬೇಡಿ, ರಿಪೇರಿ ಮಾಡಿಸಬೇಡಿ, ಒಂದು ಪೆಟ್ಟಿಗೆಯಲ್ಲಿ ಹಾಕಿ ಎತ್ತಿಡಿ. ಅಂಗಡಿಯವರು ಕೇಳಿದರೂ ಫೋಟೋ ತೆಗೆಯದೆ ಕೊಡಬೇಡಿ. ಗಾಯದ ಫೋಟೋ, ಡಾಕ್ಟರ ಚೀಟಿ, ರಸೀದಿ ಇಲ್ಲದಿದ್ದರೆ ಬ್ಯಾಂಕಿನ ಸ್ಟೇಟ್‌ಮೆಂಟ್, ಇವೆಲ್ಲ ಜೊತೆಗಿರಲಿ. ಅಪಾಯದ ವಸ್ತುಗಳ ಬಗ್ಗೆ ನಿಮ್ಮ ಕೌನ್ಸಿಲ್ಲಿನ ಟ್ರೇಡಿಂಗ್ ಸ್ಟ್ಯಾಂಡರ್ಡ್ಸ್ ವಿಭಾಗಕ್ಕೆ ತಿಳಿಸಬಹುದು. "ನಮಗಾದದ್ದು ಆಯಿತು, ಹೋಗಲಿ ಬಿಡಿ" ಎನ್ನುವುದು ನಮ್ಮವರ ಸ್ವಭಾವ. ಆದರೆ ಅದೇ ಬ್ಯಾಚಿನ ಇನ್ನೊಂದು ಚೀಲ ಬೇರೆ ಯಾವುದೋ ಮಗುವಿನ ಹಾಸಿಗೆಯಲ್ಲಿರುತ್ತದೆ, ಅಲ್ಲವೇ?

ಪರಿಹಾರ ಕೇಳಲು ಸಾಮಾನ್ಯವಾಗಿ ಮೂರು ವರ್ಷದ ಗಡುವು. ಮಕ್ಕಳಿಗೆ ಪೆಟ್ಟಾದರೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಆ ಮೂರು ವರ್ಷ 18 ತುಂಬಿದ ಮೇಲೆ ಶುರುವಾಗುತ್ತದೆ, ಸ್ಕಾಟ್ಲೆಂಡಿನಲ್ಲಿ 16ರಿಂದ. ಆದರೆ 1987ರ ಕಾಯಿದೆಯಡಿ, ತಯಾರಕರು ವಸ್ತುವನ್ನು ಮಾರುಕಟ್ಟೆಗೆ ಬಿಟ್ಟು ಹತ್ತು ವರ್ಷ ಕಳೆದ ಮೇಲೆ ಕೇಳುವಂತಿಲ್ಲ. ಬಳಸಿದವರದೂ ತಪ್ಪಿದ್ದರೆ ಪರಿಹಾರ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. "ಗೆಲ್ಲದಿದ್ದರೆ ಫೀಸಿಲ್ಲ" ಎನ್ನುವ ವಕೀಲರು ಗೆದ್ದಾಗ ಪರಿಹಾರದಿಂದ ಎಷ್ಟು ಕಡಿದುಕೊಳ್ಳುತ್ತಾರೆ ಎಂಬುದನ್ನು ಸಹಿ ಹಾಕುವ ಮೊದಲೇ ಕೇಳಿ. ಕರೆಯದೆ ಫೋನ್ ಮಾಡಿ "ನಿಮಗೆ ಅಪಘಾತವಾಗಿದೆಯಂತೆ" ಎನ್ನುವವರೊಡನೆ ಮಾತೇ ಬೇಡ.

ಇನ್ನೊಂದು ಮಾತು ನಮ್ಮವರಿಗೇ ವಿಶೇಷವಾಗಿ. ಊರಿನಿಂದ ಸೂಟ್‌ಕೇಸಿನಲ್ಲಿ ಮಿಕ್ಸಿ, ಕುಕ್ಕರ್ ತರದವರು ಯಾರಿದ್ದೇವೆ? ಇಲ್ಲಿನ ಪ್ಲಗ್ಗಿನೊಳಗೆ ಫ್ಯೂಸ್ ಇರುತ್ತದೆ, ನಮ್ಮೂರಿನ ದುಂಡು ಪಿನ್ನಿನ ಪ್ಲಗ್ಗಿನಲ್ಲಿ ಇರುವುದಿಲ್ಲ. ಪ್ರವಾಸಕ್ಕೆಂದು ಕೊಂಡ ಅಗ್ಗದ ಅಡಾಪ್ಟರ್ ಚುಚ್ಚಿ ವರ್ಷಗಟ್ಟಲೆ ದೋಸೆಹಿಟ್ಟು ರುಬ್ಬುವ ಬದಲು, ತಿಳಿದವರಿಂದ ಸರಿಯಾದ ಫ್ಯೂಸಿನ ಇಲ್ಲಿನ ಪ್ಲಗ್ ಹಾಕಿಸಿ. ನೀವೇ ಹೊತ್ತು ತಂದ ವಸ್ತುವಿಗೆ ಇಲ್ಲಿ ಆಮದುದಾರನೂ ಇಲ್ಲ, ಮಾರಿದವನೂ ಇಲ್ಲ. ಭಾರತದಲ್ಲೂ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ತಯಾರಕರ ಹೊಣೆಗೇ ಒಂದು ಅಧ್ಯಾಯವಿದೆ, ಆದರೆ ಇಲ್ಲಿ ಕುಳಿತು ಅಲ್ಲಿ ದಾವೆ ನಡೆಸುವುದು ಸುಲಭವಲ್ಲ.

ಮಕ್ಕಳೇ, ಈಗ ಮನೆಗೆಲಸ. ನಿಮ್ಮ ಮನೆಯಲ್ಲಿರುವ ಬಿಸಿನೀರಿನ ಚೀಲವನ್ನು ಖಾಲಿಯಿರುವಾಗ ತಿರುಗಿಸಿ ನೋಡಿ. ಸಾಮಾನ್ಯವಾಗಿ ಕುತ್ತಿಗೆಯ ಬಳಿ ರಬ್ಬರಿನಲ್ಲಿ ಒಂದು ಹೂವಿನ ಅಚ್ಚು ಇರುತ್ತದೆ. ನಡುವಿನ ಅಂಕಿ ತಯಾರಾದ ವರ್ಷ, ಸುತ್ತಲಿನ ಹನ್ನೆರಡು ಎಸಳುಗಳು ತಿಂಗಳುಗಳು, ಎಸಳಿನೊಳಗಿನ ಚುಕ್ಕೆಗಳು ವಾರಗಳು. ಕೊಂಡು ಎರಡು ವರ್ಷವಾಗಿದ್ದರೆ ಬದಲಾಯಿಸಲು ಅಮ್ಮನಿಗೆ ಹೇಳಿ. ರಬ್ಬರು ಬಿರುಕು ಬಿಟ್ಟಿದ್ದರೆ ಅಷ್ಟು ದಿನವೂ ಕಾಯಬೇಡಿ. ಹೂವಿನ ಚಿತ್ರ ಬರೆದು, ಕೆಳಗೆ ತಿಂಗಳು ಮತ್ತು ವರ್ಷವನ್ನು ಕನ್ನಡ ಅಂಕಿಗಳಲ್ಲಿ ಬರೆದು ಮುಂದಿನ ಶನಿವಾರ ತರಗತಿಗೆ ತನ್ನಿ. ಹೂವೇ ಸಿಗದವರು ಚೀಲವನ್ನೇ ತನ್ನಿ, ಎಲ್ಲರೂ ಸೇರಿ ಹುಡುಕೋಣ.