ಬ್ರಿಟನ್ನಿನಲ್ಲಿ ಮೊದಲ ಚಳಿಗಾಲ: ಬಿಲ್ ಇಳಿಯಲಿ, ಮನೆ ಬೆಚ್ಚಗಿರಲಿ

ಬಾಡಿಗೆ ಮನೆಯ ಕೀಲಿ ಕೈಗೆ ಬಂದ ದಿನ, ಹಾಲು ಉಕ್ಕಿಸುವುದಕ್ಕೂ ಮೊದಲು ಮೀಟರ್ ಎಲ್ಲಿದೆ ಎಂದು ಹುಡುಕಿ. ಮೆಟ್ಟಿಲ ಕೆಳಗಿನ ಕಪಾಟಿನಲ್ಲೋ ಹೊರಗೋಡೆಯ ಪೆಟ್ಟಿಗೆಯಲ್ಲೋ ಇರುತ್ತದೆ. ಗ್ಯಾಸ್, ಕರೆಂಟ್ ಎರಡರ ರೀಡಿಂಗನ್ನೂ ಫೋಟೊ ತೆಗೆದು ಕಂಪನಿಗೆ ಕಳಿಸಿ. ಊರಿನಲ್ಲಿ ಬೆಸ್ಕಾಂನವರು ತಿಂಗಳಿಗೊಮ್ಮೆ ಬಂದು, ಮೀಟರ್ ನೋಡಿ, ಅಲ್ಲೇ ಬಿಲ್ ಹರಿದು ಕೊಡುತ್ತಾರೆ. ಇಲ್ಲಿ ಹಾಗೆ ತಿಂಗಳು ತಿಂಗಳು ಯಾರೂ ಬರುವುದಿಲ್ಲ. ಸ್ಮಾರ್ಟ್ ಮೀಟರ್ ಇಲ್ಲದಿದ್ದರೆ ರೀಡಿಂಗ್ ಕಳಿಸುವ ಹೊಣೆ ನಮ್ಮದೇ. ಕಳಿಸದಿದ್ದರೆ ಅಂದಾಜಿನ ಬಿಲ್ ಬರುತ್ತದೆ. ಹಿಂದೆ ಇದ್ದವರು ಉರಿಸಿದ ಗ್ಯಾಸಿನ ಲೆಕ್ಕವೂ ನಿಮ್ಮ ತಲೆಗೆ ಬೀಳಬಹುದು.

ಗ್ಯಾಸ್ ಮೀಟರಿನ ಮುಖವನ್ನು ಇನ್ನೊಮ್ಮೆ ನೋಡಿ. ಹಳೆಯ ಮೀಟರುಗಳು ನೂರು ಘನ ಅಡಿಗಳ ಲೆಕ್ಕದಲ್ಲಿ, ಹೊಸವು ಘನ ಮೀಟರಿನಲ್ಲಿ ಅಳೆಯುತ್ತವೆ. ಯಾವುದೆಂದು ಮೀಟರಿನ ಮೇಲೇ ಬರೆದಿರುತ್ತದೆ. ನೂರು ಘನ ಅಡಿ ಎಂದರೆ 2.83 ಘನ ಮೀಟರ್. ಹೊಸ ಮೀಟರನ್ನು ಹಳೆಯದೆಂದು ದಾಖಲಿಸಿದ್ದರೆ ಬಿಲ್ ಹೆಚ್ಚುಕಡಿಮೆ ಮೂರು ಪಟ್ಟಾಗುತ್ತದೆ. ಬಿಲ್ಲಿನಲ್ಲಿ ಯಾವ ಅಳತೆ ಹಾಕಿದ್ದಾರೆಂದು ತಾಳೆ ನೋಡಲು ಎರಡು ನಿಮಿಷ ಸಾಕು.

ಬಿಲ್ ಕಂಡು ಗಾಬರಿಯಾಗಿ, ಹೀಟಿಂಗ್ ಪೂರ್ತಿ ನಿಲ್ಲಿಸಿ, ಪುಟ್ಟ ಮಕ್ಕಳನ್ನು ಜಾಕೆಟ್ ಸಮೇತ ಮಲಗಿಸುವ ಮನೆಗಳಿವೆ. ದಯವಿಟ್ಟು ಹಾಗೆ ಮಾಡಬೇಡಿ. ತಣ್ಣಗಿನ ಗೋಡೆಗೆ ಬೂಷ್ಟು ಹತ್ತುತ್ತದೆ, ಮಕ್ಕಳಿಗೆ ಕೆಮ್ಮು ಹಿಡಿಯುತ್ತದೆ. ಮನೆ ಬೆಚ್ಚಗಿದ್ದೂ ಖರ್ಚು ತಗ್ಗುವ ದಾರಿ ಬಾಯ್ಲರಿನಲ್ಲೇ ಇದೆ.

ಇಂಗ್ಲೆಂಡ್, ವೇಲ್ಸ್‌ಗಳಲ್ಲಿ 2005ರಿಂದ ಈಚೆಗೆ ಕೂರಿಸಿದ ಗ್ಯಾಸ್ ಬಾಯ್ಲರುಗಳು ಬಹುಪಾಲು ಕಂಡೆನ್ಸಿಂಗ್ ಬಗೆಯವು. ಹೊಗೆಯೊಡನೆ ಹೊರಗೆ ಹೋಗುವ ಆವಿಯನ್ನು ನೀರಾಗಿಸಿ, ಅದರ ಶಾಖವನ್ನು ಮತ್ತೆ ಮನೆಗೇ ಕೊಡುವುದು ಅವುಗಳ ಜಾಣತನ. ಆದರೆ ರೇಡಿಯೇಟರ್ ಸುತ್ತಿ ವಾಪಸಾಗುವ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿದ್ದರೆ ಮಾತ್ರ ಇದು ಆಗುತ್ತದೆ. ಎಷ್ಟೋ ಮನೆಗಳಲ್ಲಿ ಬಾಯ್ಲರಿನಿಂದ ಹೊರಡುವ ನೀರನ್ನೇ 70-80 ಡಿಗ್ರಿಗೆ ಇಟ್ಟು ಹೋಗಿರುತ್ತಾರೆ. ಬಿಸಿನೀರಿನ ಟ್ಯಾಂಕ್ ಬೇಡದ ಕಾಂಬಿ ಬಾಯ್ಲರಿನಲ್ಲಿ ಸಾಮಾನ್ಯವಾಗಿ ಎರಡು ಗುಂಡಿಗಳಿರುತ್ತವೆ: ಒಂದರ ಪಕ್ಕ ನಲ್ಲಿಯ ಚಿತ್ರ, ಇನ್ನೊಂದರ ಪಕ್ಕ ರೇಡಿಯೇಟರಿನ ಚಿತ್ರ. ರೇಡಿಯೇಟರಿನದನ್ನು 60ಕ್ಕೆ ಇಳಿಸಿ. ರೇಡಿಯೇಟರ್ ಮುಟ್ಟಿದರೆ ಮೊದಲಿನಷ್ಟು ಸುಡುವುದಿಲ್ಲ, ಕೋಣೆ ಬೆಚ್ಚಗಾಗಲು ತುಸು ಹೊತ್ತು ಹಿಡಿಯುತ್ತದೆ. ಟೈಮರನ್ನು ಅರ್ಧ ಗಂಟೆ ಹಿಂದಕ್ಕೆ ಇಟ್ಟುಕೊಂಡರೆ ಆಯಿತು. ಬಿಸಿನೀರಿನ ಪ್ರತ್ಯೇಕ ಟ್ಯಾಂಕ್ ಇರುವ ಮನೆಯಲ್ಲಿ ಮಾತ್ರ ನೀವಾಗಿ ಇಳಿಸಬೇಡಿ. ಟ್ಯಾಂಕಿನ ನೀರು 60 ಡಿಗ್ರಿ ಮುಟ್ಟದಿದ್ದರೆ ಲೆಜನೆಲ್ಲಾ ಎಂಬ ಅಪಾಯದ ಬ್ಯಾಕ್ಟೀರಿಯಾ ಬೆಳೆಯಬಹುದು. ಮನೆ ಮಾಲೀಕರು ವರ್ಷಕ್ಕೊಮ್ಮೆ ಗ್ಯಾಸ್ ತಪಾಸಣೆ ಮಾಡಿಸಲೇಬೇಕೆಂದು ಕಾನೂನಿದೆ. ಆಗ ಬರುವ ಎಂಜಿನಿಯರನ್ನೇ ಕೇಳಿ.

ಕೋಣೆಗೊಂದು ಫ್ಯಾನ್ ಹೀಟರ್ ತಂದರೆ ಅಗ್ಗ ಎಂಬ ನಂಬಿಕೆ ನಮ್ಮವರಲ್ಲಿ ಬಲವಾಗಿದೆ. 2 ಕಿಲೋವ್ಯಾಟ್ ಹೀಟರ್ ಬಿಡದೆ ಓಡಿದರೆ ಗಂಟೆಗೆ ಎರಡು ಯೂನಿಟ್ ತಿನ್ನುತ್ತದೆ, ಮತ್ತು ಇಲ್ಲಿ ಕರೆಂಟಿನ ಯೂನಿಟ್ಟಿಗೆ ಗ್ಯಾಸಿನ ಯೂನಿಟ್ಟಿಗಿಂತ ಹಲವು ಪಟ್ಟು ಬೆಲೆ. ಎಲೆಕ್ಟ್ರಿಕ್ ಶವರ್ 9 ಕಿಲೋವ್ಯಾಟಿನದಾದರೆ ಹತ್ತು ನಿಮಿಷದ ಸ್ನಾನಕ್ಕೆ ಒಂದೂವರೆ ಯೂನಿಟ್. ಇಮ್ಮರ್ಷನ್ ಸ್ವಿಚ್ ಇರುವ ಮನೆಯಲ್ಲಿ ಊರಿನ ಗೀಸರ್ ಅಭ್ಯಾಸವನ್ನೇ ಮುಂದುವರಿಸಿ: ಬೇಕಾದಾಗ ಹಾಕಿ, ಆದಮೇಲೆ ಆರಿಸಿ. ಅಡುಗೆಗೆ ಕುಕ್ಕರಿನಷ್ಟು ಮಿತವ್ಯಯದ್ದು ಇನ್ನೊಂದಿಲ್ಲ. ಇಡ್ಲಿ ಬೇಯಿಸುವಾಗ, ಬಟ್ಟೆ ಒಳಗೆ ಒಣಹಾಕಿದಾಗ ಎಕ್ಸಾಸ್ಟ್ ಫ್ಯಾನ್ ಹಾಕಲು ಮಾತ್ರ ಮರೆಯಬೇಡಿ.

ಪ್ರೈಸ್ ಕ್ಯಾಪ್ ಎಂದು ಸುದ್ದಿಯಲ್ಲಿ ಬರುವ ಮೊತ್ತವನ್ನು ಬಿಲ್ಲಿನ ಗರಿಷ್ಠ ಮಿತಿ ಎಂದುಕೊಳ್ಳಬೇಡಿ. ಇಂಧನ ನಿಯಂತ್ರಕ ಸಂಸ್ಥೆ ಆಫ್‌ಜೆಮ್ ಮಿತಿ ಹಾಕುವುದು ಯೂನಿಟ್ ದರಕ್ಕೆ ಮತ್ತು ದಿನದ ಸ್ಟ್ಯಾಂಡಿಂಗ್ ಚಾರ್ಜಿಗೆ. ಹೆಚ್ಚು ಉರಿಸಿದರೆ ಹೆಚ್ಚು ಬಿಲ್. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದರಂದು ಅದು ಬದಲಾಗುತ್ತದೆ, ಅಂದು ರೀಡಿಂಗ್ ಕಳಿಸಿದರೆ ಹಳೆಯ ಯೂನಿಟ್ಟಿಗೆ ಹೊಸ ದರ ಬೀಳುವುದಿಲ್ಲ. (ಉತ್ತರ ಐರ್ಲೆಂಡಿಗೆ ಈ ಕ್ಯಾಪ್ ಅನ್ವಯಿಸುವುದಿಲ್ಲ.) ಬಿಲ್ ನೇರವಾಗಿ ನೀವೇ ಕಟ್ಟುವವರಾದರೆ, ಬಾಡಿಗೆದಾರರಾಗಿದ್ದರೂ ಕಂಪನಿ ಬದಲಿಸುವ ಹಕ್ಕಿದೆ.

ನೀರಿಗೆ ಕಂಪನಿ ಬದಲಿಸಲಾಗದು. ಆದರೆ ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಮೀಟರನ್ನು ಉಚಿತವಾಗಿ ಕೇಳಬಹುದು. ದೊಡ್ಡ ಮನೆಯಲ್ಲಿ ಇಬ್ಬರೇ ಇರುವವರಿಗೆ ಸಾಮಾನ್ಯವಾಗಿ ಲಾಭ.

ಒಬ್ಬರೇ ಮೊದಲು ಬಂದು, ಸಂಸಾರ ಆಮೇಲೆ ಬರುವುದಾದರೆ ಅಷ್ಟು ದಿನ ಸ್ಥಳೀಯ ಆಡಳಿತಕ್ಕೆ ಕಟ್ಟುವ ಕೌನ್ಸಿಲ್ ಟ್ಯಾಕ್ಸಿನಲ್ಲಿ 25% ರಿಯಾಯಿತಿ ಇದೆ. ವೀಸಾದಲ್ಲಿ ಸರ್ಕಾರಿ ನೆರವು ಪಡೆಯುವಂತಿಲ್ಲ ಎಂದಿದೆಯಲ್ಲ ಎಂದು ಹೆದರಿ ಹಲವರು ಇದನ್ನು ಕೇಳುವುದೇ ಇಲ್ಲ. ಈ ರಿಯಾಯಿತಿ ಆ ನಿಷೇಧದ ಪಟ್ಟಿಯಲ್ಲಿಲ್ಲ. ಕಡಿಮೆ ಆದಾಯದವರಿಗೆ ಕೊಡುವ ಕೌನ್ಸಿಲ್ ಟ್ಯಾಕ್ಸ್ ರಿಡಕ್ಷನ್ ಬೇರೆಯದು, ಅದು ಪಟ್ಟಿಯಲ್ಲಿದೆ; ಎರಡನ್ನೂ ಬೆರೆಸಿಕೊಳ್ಳಬೇಡಿ.

ಗ್ಯಾಸ್, ಕರೆಂಟ್ ಬಿಲ್ ತಪ್ಪೆನಿಸಿದರೆ ಸುಮ್ಮನೆ ಕಟ್ಟಿಬಿಡಬೇಡಿ. ಕಂಪನಿಯೇ ಬಿಲ್ ಕಳಿಸದೆ ತಪ್ಪಿದ್ದರೆ 12 ತಿಂಗಳಿಗಿಂತ ಹಿಂದಿನ ಬಳಕೆಗೆ ಹಣ ಕೇಳುವಂತಿಲ್ಲ. ಬರವಣಿಗೆಯಲ್ಲಿ ದೂರು ಕೊಡಿ. ಎಂಟು ವಾರದಲ್ಲಿ ಇತ್ಯರ್ಥವಾಗದಿದ್ದರೆ ಎನರ್ಜಿ ಒಂಬುಡ್ಸ್‌ಮನ್ ಬಳಿ ಹೋಗಬಹುದು, ಅದಕ್ಕೆ ಶುಲ್ಕವಿಲ್ಲ. ಪತ್ರ ಬರೆಯಲು ಅಳುಕಾದರೆ ಬಿಲ್ ಮತ್ತು ಮೊದಲ ದಿನದ ಫೋಟೊ ಹಿಡಿದು ನಮ್ಮ ಕನ್ನಡ ಕೂಟಕ್ಕೆ ಬನ್ನಿ, ಕೂತು ಬರೆಯೋಣ.