ಎಂಟು ಸೆಂಟ್ಸು ಜಾಗ, ಒಂದು ಪಿಂಕ್ ಕಾರ್ಡು

ಕೇರಳದ ಗಡಿಯಲ್ಲಿರುವ ಕಾಸರಗೋಡು ಜಿಲ್ಲೆಯ ಶಿರಿಯದಂಥ ಊರಿನಲ್ಲಿ ಒಂಟಿಯಾಗಿರುವ ಬಡ ಅಜ್ಜಿಯೊಬ್ಬರ ಅತಿ ದೊಡ್ಡ ಆಸ್ತಿ ಯಾವುದು ಎಂದು ಕೇಳಿದರೆ ನಾನು ರೇಷನ್ ಕಾರ್ಡು ಎನ್ನುತ್ತೇನೆ. ಜಾಗದ್ದು ಎರಡನೇ ಸ್ಥಾನ. ಚಿನ್ನ ಮೂರನೆಯದು. ಮಕ್ಕಳು ಎಷ್ಟನೆಯವರು ಎಂಬುದನ್ನು ಅವರವರ ಮನೆಯವರೇ ಹೇಳಬೇಕು.

ನನ್ನ ಚಿಕ್ಕಮ್ಮನಿಗೆ ಮಕ್ಕಳಿಲ್ಲ. ಗಂಡ ತೀರಿಕೊಂಡು ಬಹಳ ಕಾಲವಾಯಿತು. ಬೆರಳು ಓಡುವಷ್ಟು ದಿನ ಮಂಗಳೂರಿನ ಕಂಪೆನಿಗೆ ಬೀಡಿ ಕಟ್ಟಿದರು. ಆದರೆ ಕಟ್ಟಿದ್ದು ಕಂಪೆನಿ ನಾದಿನಿಯ ಹೆಸರಿನಲ್ಲಿ ಕೊಟ್ಟ ಪುಸ್ತಕದಲ್ಲಿ. ಹಾಗಾಗಿ ಪಿ.ಎಫ್. ಇಲ್ಲ, ಅದರ ಪಿಂಚಣಿಯೂ ಇಲ್ಲ. ನಮ್ಮ ಕಡೆ ಇದು ಹೊಸ ಕಥೆಯೇನಲ್ಲ. ಒಂದು ಪುಸ್ತಕದಲ್ಲಿ ಇಬ್ಬರು ಮೂವರು ಕಟ್ಟುತ್ತಿದ್ದರು. ಹೆಸರು ಒಬ್ಬಳದ್ದು, ಬೆನ್ನುನೋವು ಎಲ್ಲರದ್ದು. ಈಗ ಚಿಕ್ಕಮ್ಮನ ಮಂಡಿ ಮಡಚುವುದಿಲ್ಲ, ಸಕ್ಕರೆ ಕಾಯಿಲೆ ಇದೆ, ಬಾವಿಯಿಂದ ನೀರು ಸೇದಲಾಗುವುದಿಲ್ಲ. ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ ಆರು ಪಥವಾದ ಮೇಲೆ ರಸ್ತೆಯ ಆಚೆಗಿನ ಅಂಗಡಿ ಅವರಿಗೆ ಬೇರೆ ಊರೇ ಆಗಿಬಿಟ್ಟಿದೆ.

‘ಯಾವುದಾದರೂ ಒಳ್ಳೆ ಆಶ್ರಮ ನೋಡಿ ಸೇರಿಸುವ’ ಎಂಬ ಮಾತು ಕುಟುಂಬದಲ್ಲಿ ಹುಟ್ಟಿದ್ದು ಹೀಗೆ. ಹುಡುಕುವ ಕೆಲಸ ನನ್ನ ತಲೆಗೆ ಬಂತು.

ಮಂಗಳೂರು ಇಲ್ಲಿಂದ ಸುಮಾರು 35 ಕಿಲೋಮೀಟರ್. ಅಲ್ಲಿ ಹಣ ಕೊಟ್ಟು ಸೇರುವ ಒಂದು ಜಾಗದಲ್ಲಿ ತಿಂಗಳಿಗೆ 18 ಸಾವಿರ, ಮೇಲೆ ಒಂದು ಲಕ್ಷ ಠೇವಣಿ ಕೇಳಿದರು. ಜೊತೆಗೊಂದು ಷರತ್ತು: ಎದ್ದು ಓಡಾಡಿ ತನ್ನ ಕೆಲಸ ತಾನೇ ಮಾಡಿಕೊಳ್ಳುವವರು ಮಾತ್ರ. ಹಾಸಿಗೆ ಹಿಡಿದರೆ ಬೇರೆ ದರ, ಇಲ್ಲವೇ ಬೇರೆ ದಾರಿ. ಸೇರುವಾಗ ನಾವು ಕೇಳಲೇಬೇಕಾದ ಪ್ರಶ್ನೆ ಇದು, ಹೆಚ್ಚಿನವರು ಕೇಳದೆ ಬಿಡುವುದೂ ಇದನ್ನೇ. ನಡೆಯಲಾಗದ ದಿನಕ್ಕೆಂದೇ ಅಲ್ಲವೇ ಹಣ ಕೊಡುವುದು?

ಇನ್ನೊಂದು ತುದಿಯಲ್ಲಿ ಧರ್ಮಾರ್ಥ ಸಂಸ್ಥೆಗಳಿವೆ. ಮಂಜೇಶ್ವರದ ಸ್ನೇಹಾಲಯ ಬೀದಿಯಲ್ಲಿ ಬಿದ್ದವರನ್ನು, ಮಾನಸಿಕ ಅಸ್ವಸ್ಥರನ್ನು ಎತ್ತಿಕೊಂಡು ಹೋಗಿ ಆರೈಕೆ ಮಾಡುತ್ತದೆ. ಜಿಲ್ಲೆಯ ಸರಕಾರಿ ವೃದ್ಧಮಂದಿರ ಇರುವುದು ಪರವನಡ್ಕದಲ್ಲಿ. ಅದು ದಿಕ್ಕಿಲ್ಲದವರಿಗೆ. ಹಿರಿಯ ನಾಗರಿಕರ 2007ರ ಕಾಯಿದೆಯ 19ನೇ ಸೆಕ್ಷನ್ ಜಿಲ್ಲೆಗೆ ಒಂದಾದರೂ, ಕನಿಷ್ಠ 150 ಮಂದಿ ಬಡ ಹಿರಿಯರು ಇರಬಹುದಾದ ಮಂದಿರದ ಬಗ್ಗೆ ಹೇಳುತ್ತದೆ, ಆದರೆ ಕಟ್ಟುವುದನ್ನು ಸರಕಾರದ ಇಷ್ಟಕ್ಕೆ ಬಿಟ್ಟಿದೆ. ಚಿಕ್ಕಮ್ಮನಿಗೆ ಮನೆಯಿದೆ, ನಾವಿದ್ದೇವೆ, ಅಂದರೆ ದಿಕ್ಕಿದೆ. 18 ಸಾವಿರ ಕೊಡುವ ದಿಕ್ಕು ಮಾತ್ರ ಇಲ್ಲ. ಬಿಟ್ಟಿ ಹಾಸಿಗೆಗೆ ಶ್ರೀಮಂತರು, ದುಡ್ಡಿನ ಹಾಸಿಗೆಗೆ ಬಡವರು: ನಮ್ಮೂರಿನ ಹೆಚ್ಚಿನ ವೃದ್ಧರು ಇರುವುದು ಈ ನಡುವಿನ ಸಂದಿಯಲ್ಲಿ.

ಇಲ್ಲಿ ಗಡಿಯ ಲೆಕ್ಕ ಬರುತ್ತದೆ. ಕೇರಳದ ಕ್ಷೇಮ ಪಿಂಚಣಿ 2025ರ ನವೆಂಬರಿನಿಂದ ತಿಂಗಳಿಗೆ 2000 ರೂಪಾಯಿ. ಅದಕ್ಕೆ ಮೊದಲು 1600 ಇತ್ತು. 1980ರಲ್ಲಿ ನಾಯನಾರ್ ಸರಕಾರ ಕೃಷಿ ಕಾರ್ಮಿಕರಿಗೆ ಪಿಂಚಣಿ ಶುರು ಮಾಡಿದಾಗ 45 ರೂಪಾಯಿ. ಕರ್ನಾಟಕದ ಸಂಧ್ಯಾ ಸುರಕ್ಷಾ ಪಿಂಚಣಿ 1200. ಚಿಕ್ಕಮ್ಮನನ್ನು ತಲಪಾಡಿ ಗಡಿ ದಾಟಿಸಿ ಮಂಗಳೂರಿನಲ್ಲಿ ಇರಿಸಿದರೆ ಇಲ್ಲಿನ 2000 ಅಲುಗಾಡುತ್ತದೆ, ಏಕೆಂದರೆ ವರ್ಷಕ್ಕೊಮ್ಮೆ ಕೇರಳದ ಸರಕಾರಿ ಸೇವೆಗಳ ಅಕ್ಷಯ ಕೇಂದ್ರದಲ್ಲಿ ಬೆರಳೊತ್ತಿ ಬದುಕಿದ್ದೇನೆ ಎಂದು ತೋರಿಸಬೇಕು. ಮಸ್ಟರಿಂಗ್ ಎಂಬ ಈ ಶಾಸ್ತ್ರಕ್ಕೆ ಕೇಂದ್ರದಲ್ಲಾದರೆ 30 ರೂಪಾಯಿ, ಮನೆಗೇ ಬಂದು ಮಾಡಿದರೆ 50. ಬೀಡಿ ಎಲೆ ತಿಕ್ಕಿ ತಿಕ್ಕಿ ಸವೆದ ಬೆರಳನ್ನು ಯಂತ್ರ ಒಪ್ಪಿಕೊಳ್ಳುವುದೇ ಒಂದು ಪವಾಡ. ಕಣ್ಣಿನ ಗುರುತು ತೆಗೆಯಿರಿ ಎಂದು ಕೇಳಿ. ಪಿಂಕ್ ಕಾರ್ಡಿನ, ಅಂದರೆ ಆದ್ಯತಾ ಕುಟುಂಬದ ರೇಷನ್ ಕಾರ್ಡಿನ, ಅಕ್ಕಿಯನ್ನು ಈಗ ಆಚೆಯೂ ಪಡೆಯಬಹುದು, ಆದರೆ ಮನೆಗೆ ಬಂದು ಉಪಶಮನ ಆರೈಕೆ ಮಾಡುವ ಪಂಚಾಯತಿನ ಪಾಲಿಯೇಟಿವ್ ಸಿಸ್ಟರ್ ಕೈಬಿಟ್ಟು ಹೋಗುತ್ತಾರೆ. ಕರ್ನಾಟಕದ ಬೇರೆ ಸೌಲಭ್ಯಗಳಿಗೆ ಅಲ್ಲಿನ ಕಾರ್ಡು ಬೇಕು. ಇಲ್ಲಿಯದು ಹೋಗಿ ಅಲ್ಲಿಯದು ಬಾರದೆ ಇರುವ ಕಾಲವೇ ಮುದುಕರಿಗೆ ದುಬಾರಿ ಕಾಲ. ಗಡಿ ಬೇರೆ ರೀತಿಯಲ್ಲೂ ಪಾಠ ಕಲಿಸಿದೆ: 2020ರ ಮಾರ್ಚ್–ಏಪ್ರಿಲ್‌ನಲ್ಲಿ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆ ಮುಟ್ಟಲಾಗದೆ ನಮ್ಮ ಜಿಲ್ಲೆಯ ರೋಗಿಗಳು ಸತ್ತರು.

ಹಾಗಾಗಿ ನನ್ನ ತೀರ್ಮಾನ ಬದಲಾಯಿತು. ಆಶ್ರಮ ಹುಡುಕುವ ಬದಲು ಇರುವ ಮನೆಗೇ ಕೈಗಳನ್ನು ಹುಡುಕಬೇಕು.

ಸೂರಿನ ವಿಷಯದಲ್ಲಿ ಕಾಸರಗೋಡು ಅಷ್ಟೇನೂ ದರಿದ್ರವಲ್ಲ. ಕೇರಳದ ವಸತಿ ಯೋಜನೆಯಾದ ಲೈಫ್ ಮಿಷನ್‌ನಲ್ಲಿ ಮನೆಗೆ ನಾಲ್ಕು ಲಕ್ಷ ರೂಪಾಯಿ ಸಿಗುತ್ತದೆ, ಪಟ್ಟಿಯಲ್ಲಿ ಹೆಸರು ಮೇಲೆ ಬರುವ ತನಕ ಕಾಯಬೇಕು ಅಷ್ಟೆ. ಕಡಲು ಕೊರೆಯುವ ಅಂಚಿನಲ್ಲಿ, ತೀರದಿಂದ 50 ಮೀಟರಿನೊಳಗೆ ಇರುವ ಮೀನುಗಾರ ಕುಟುಂಬಗಳಿಗೆ ಪುನರ್ಗೇಹಂ ಯೋಜನೆಯಲ್ಲಿ ಜಾಗಕ್ಕೂ ಮನೆಗೂ ಸೇರಿ ಹತ್ತು ಲಕ್ಷ. ಈ ಯೋಜನೆಗಳಿಗಿಂತ ಮುಂಚೆಯೇ ಬದಿಯಡ್ಕ ಸಮೀಪದ ಕಿಳಿಂಗಾರಿನಲ್ಲಿ ಸಾಯಿರಾಂ ಗೋಪಾಲಕೃಷ್ಣ ಭಟ್ಟರು ಇದ್ದರು. ತೀರ್ಥಯಾತ್ರೆಗೆಂದು ಕೂಡಿಟ್ಟ ಹಣದಲ್ಲಿ 1995ರಲ್ಲಿ, ಮಳೆಗೆ ಗುಡಿಸಲು ಕಳೆದುಕೊಂಡ ಒಬ್ಬ ಕೂಲಿಗೆ ಮನೆ ಕಟ್ಟಿಸಿಕೊಟ್ಟವರು, 2022ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಜಾತಿ ಧರ್ಮ ನೋಡದೆ 260ಕ್ಕೂ ಹೆಚ್ಚು ಮನೆಗಳ ಕೀಲಿಕೈ ಕೊಟ್ಟಿದ್ದರು. ಅವರ ಮನೆಗಳಲ್ಲಿ ಈಗಲೂ ಜನ ಬದುಕುತ್ತಿದ್ದಾರೆ. ಆದರೆ ಗೋಡೆ ಕಟ್ಟಿಕೊಡುವ ಪುಣ್ಯಾತ್ಮರು ಸಿಕ್ಕಷ್ಟು ಸುಲಭವಾಗಿ ಬೆಳಗ್ಗೆ ಏಳಕ್ಕೆ ಬಂದು ಸ್ನಾನ ಮಾಡಿಸುವವರು ಸಿಗುವುದಿಲ್ಲ. (ಗಲ್ಫ್ ಹಣದ ದೊಡ್ಡ ಬಂಗಲೆಯಲ್ಲಿ ಒಬ್ಬರೇ ಇರುವ ಉಮ್ಮಂದಿರ ಸ್ಥಿತಿಯೂ ಹೀಗೆಯೇ. ಮನೆ 2000 ಚದರಡಿ ಮೀರಿದರೆ ಅವರಿಗೆ ಪಿಂಚಣಿಯೂ ಇಲ್ಲ.)

ಹಣದ ಲೆಕ್ಕಕ್ಕೆ ಬರುವ ಮೊದಲು ಜಾಗದ ಲೆಕ್ಕ. ಹೆದ್ದಾರಿ ಅಗಲವಾದ ಮೇಲೆ ನಮ್ಮ ಕಡೆ ಸೆಂಟ್ಸಿನ ಬೆಲೆ ಏರಿದೆ. ಗಂಡನಿಂದ ಚಿಕ್ಕಮ್ಮನಿಗೆ ಬಂದ ಎಂಟು ಸೆಂಟ್ಸಿನ ಮೇಲೆ ಹಠಾತ್ತನೆ ಎಲ್ಲರಿಗೂ ಪ್ರೀತಿ ಹುಟ್ಟಿತು. ‘ದಾನಪತ್ರ ಮಾಡಿಕೊಡಿ, ನಾವು ನೋಡಿಕೊಳ್ಳುತ್ತೇವೆ’ ಎಂದು ಗಂಡನ ಕಡೆಯವರು ಬಂದರು. ಕೆಟ್ಟವರೇನಲ್ಲ, ಆದರೆ ನಾಳೆ ಅವರ ಮಕ್ಕಳು ಏನನ್ನುತ್ತಾರೋ ಅವರಿಗೂ ಗೊತ್ತಿಲ್ಲ.

ಇಲ್ಲಿ ಒಂದು ಕಾನೂನು ನಮಗೆಲ್ಲ ಅಚ್ಚರಿ ತಂದಿತು. ಚಿಕ್ಕಮ್ಮನನ್ನು ನೋಡಿಕೊಳ್ಳುತ್ತಿದ್ದವರು ನಾವು, ಅಕ್ಕನ ಮಕ್ಕಳು. ಆದರೆ ಮಕ್ಕಳಿಲ್ಲದ ವಿಧವೆಗೆ ಗಂಡನಿಂದ ಬಂದ ಆಸ್ತಿ, ಉಯಿಲು ಇಲ್ಲದಿದ್ದರೆ, ಹಿಂದೂ ಉತ್ತರಾಧಿಕಾರ ಕಾಯಿದೆಯ 15ನೇ ಸೆಕ್ಷನ್ ಪ್ರಕಾರ ಗಂಡನ ವಾರಸುದಾರರಿಗೆ ಹೋಗುತ್ತದೆ. ನಮ್ಮದು ಮಕ್ಕಳಕಟ್ಟು, ತಂದೆಯ ಕಡೆಯಿಂದ ಆಸ್ತಿ ಇಳಿಯುವ ಪದ್ಧತಿ. ತಾಯಿಯ ಕಡೆಯಿಂದ ಇಳಿಯುವ ಅಳಿಯಕಟ್ಟಿನವರಿಗೆ ಅದೇ ಕಾಯಿದೆಯ 17ನೇ ಸೆಕ್ಷನ್ ಬೇರೆ ಕ್ರಮ ಹೇಳುತ್ತದೆ. ಮುಸ್ಲಿಮರಲ್ಲಿ ಉಯಿಲು ಬರೆಯಬಹುದಾದದ್ದು ಸಾಮಾನ್ಯವಾಗಿ ಮೂರನೇ ಒಂದು ಪಾಲಿಗೆ ಮಾತ್ರ. ಪಕ್ಕದ ಮನೆಯವರ ಲೆಕ್ಕ ನಮ್ಮ ಮನೆಗೆ ಹೊಂದುವುದಿಲ್ಲ, ನೋಟರಿಯ ಹತ್ತಿರ ಹೋಗುವಾಗ ಇದು ನೆನಪಿರಲಿ.

ಅದರ ಮಗ್ಗುಲಲ್ಲೇ ಇನ್ನೊಂದು ಕಾನೂನು ಇದೆ. 2007ರ ಕಾಯಿದೆ ಮಕ್ಕಳಿಲ್ಲದ ಹಿರಿಯರನ್ನು ಮರೆತಿಲ್ಲ. ಅವರ ಆಸ್ತಿ ಯಾರ ಕೈಯಲ್ಲಿದೆಯೋ, ಅಥವಾ ಮುಂದೆ ಯಾರಿಗೆ ಬರುತ್ತದೋ ಆ ಸಂಬಂಧಿಕರು, ಶಕ್ತಿಯಿದ್ದರೆ, ಪಾಲಿಗೆ ತಕ್ಕ ಹಾಗೆ ಜೀವನಾಂಶ ಕೊಡಬೇಕು. ತಿಂಗಳಿಗೆ ಹತ್ತು ಸಾವಿರದವರೆಗೆ ಟ್ರಿಬ್ಯೂನಲ್ ಆದೇಶಿಸಬಹುದು. ನಾವು ದೂರು ಕೊಡಲಿಲ್ಲ. ಎರಡೂ ಕಡೆಯವರು ಸೇರಿದ ಒಂದು ಸಂಜೆ, ಚಹಾ ಆರುವ ಮೊದಲೇ, ಆ ಭಾಗವನ್ನು ಗಟ್ಟಿಯಾಗಿ ಓದಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಗಂಡನ ಕಡೆಯ ಇಬ್ಬರು ತಿಂಗಳಿಗೆ ಸಾವಿರ ಸಾವಿರ ಕೊಡಲು ಒಪ್ಪಿದರು.

ದಾನಪತ್ರ ಮಾತ್ರ ಆಗಲಿಲ್ಲ, ಆಗಬಾರದು ಎಂದು ನಾನೇ ಹಟ ಹಿಡಿದೆ. ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಷರತ್ತು ಮುರಿದರೆ ವಾಪಸು ಪಡೆಯಲು ಅದೇ 2007ರ ಕಾಯಿದೆಯ 23ನೇ ಸೆಕ್ಷನ್ ಇದೆ, ನಿಜ. ಆದರೆ 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಷರತ್ತೇ ಇಲ್ಲದ ಪತ್ರಕ್ಕೆ ಈ ರಕ್ಷಣೆ ಇಲ್ಲವೆಂದಿತು. 2025ರ ಜನವರಿಯಲ್ಲಿ ಇನ್ನೊಂದು ಪ್ರಕರಣದಲ್ಲಿ ಹಿರಿಯರ ಕಡೆಗೆ ಹೆಚ್ಚು ಉದಾರವಾಗಿ ಓದಿತು. ಎರಡು ತೀರ್ಪುಗಳ ನಡುವೆ ನಿಂತು ವಾದಿಸುವ ಪ್ರಾಯ ಚಿಕ್ಕಮ್ಮನದ್ದಲ್ಲ. ಉಯಿಲು ಸಾಕು. ಛಾಪಾಕಾಗದ ಬೇಡ, ಇಬ್ಬರು ಸಾಕ್ಷಿಗಳಿದ್ದರೆ ಆಯಿತು, ನೋಂದಣಿ ಕಡ್ಡಾಯವಲ್ಲ, ಮನಸ್ಸು ಬದಲಾದರೆ ಹರಿದು ಮತ್ತೊಂದು ಬರೆಯಬಹುದು. ಮುಖ್ಯವಾಗಿ, ಅದು ಬದುಕಿರುವ ತನಕ ಏನನ್ನೂ ಕೈಬಿಡುವುದಿಲ್ಲ.

ಇನ್ನು ತಿಂಗಳ ಖರ್ಚು. ಚಿಕ್ಕಮ್ಮನ ಹತ್ತಿರ ಎರಡೂವರೆ ಪವನಿನ ಒಂದು ಸರ ಇತ್ತು. ಚಿನ್ನ ಏರುತ್ತಿದೆ, ಮಾರಬೇಡಿ ಎಂದು ಎಲ್ಲರೂ ಹೇಳಿದರು. ಏರುವ ಚಿನ್ನ ಬೆಳಗ್ಗೆ ಬಂದು ಚಹಾ ಕಾಸಿ ಕೊಡುವುದಿಲ್ಲವಲ್ಲ. ಮಾರಿ ಬಂದದ್ದರಲ್ಲಿ ಎರಡು ಲಕ್ಷವನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಿದೆವು. ಶೇಕಡಾ 8.2ರ ಬಡ್ಡಿ, ಮೂರು ತಿಂಗಳಿಗೊಮ್ಮೆ 4100 ರೂಪಾಯಿ, ಅಂದರೆ ತಿಂಗಳಿಗೆ 1366. ಸಹಕಾರಿ ಸಂಘದಲ್ಲಿ ಇನ್ನಷ್ಟು ಸಿಗುತ್ತಿತ್ತೋ ಏನೋ. ಆದರೆ ತೃಶ್ಶೂರಿನ ಕರುವನ್ನೂರು ಸಹಕಾರಿ ಬ್ಯಾಂಕಿನಲ್ಲಿ ಠೇವಣಿದಾರರು ತಮ್ಮದೇ ಹಣಕ್ಕೆ ಸಾಲು ನಿಂತದ್ದನ್ನು 2021ರಿಂದ ನೋಡುತ್ತಿದ್ದೇವೆ, ಮುದುಕರ ಕೊನೆಯ ಎರಡು ಲಕ್ಷಕ್ಕೆ ಆ ಸಾಹಸ ಬೇಡ. ಮನೆಯನ್ನು ಬ್ಯಾಂಕಿಗೆ ಅಡವಿಟ್ಟು, ಅಲ್ಲೇ ಇದ್ದುಕೊಂಡು ತಿಂಗಳ ಹಣ ಪಡೆಯುವ ರಿವರ್ಸ್ ಮಾರ್ಟ್‌ಗೇಜ್ ಎಂಬುದೊಂದಿದೆ. ಹಂಚಿನ ಮಾಡಿನ ಮನೆಗೆ, ಎಂಟು ಸೆಂಟ್ಸಿಗೆ ಅದನ್ನು ಕೊಡುವ ಬ್ಯಾಂಕು ಸಿಕ್ಕರೆ ನನಗೂ ತಿಳಿಸಿ.

ಪಿಂಚಣಿ 2000, ಬಡ್ಡಿ 1366, ಗಂಡನ ಕಡೆಯಿಂದ 2000, ನಾವು ಮೂವರು ಸೇರಿ 3000. ಒಟ್ಟು 8366. ಬೆಳಗ್ಗೆ ಎರಡು ಗಂಟೆ, ಸಂಜೆ ಒಂದು ಗಂಟೆ ಬರುವ ಹೆಂಗಸಿಗೆ 4500. ಮದ್ದಿಗೆ 900, ಗ್ಯಾಸು–ಕರೆಂಟು–ಫೋನಿಗೆ 800, ಮೀನು ತರಕಾರಿ ಹಾಲಿಗೆ 1800. ಅಕ್ಕಿ ರೇಷನಿನದ್ದು. ಎಂಟು ಸಾವಿರದಲ್ಲಿ ನಡೆಯುತ್ತದೆ. ಮಿಕ್ಕ 366ನ್ನು ಮುಟ್ಟುವುದಿಲ್ಲ. ಚಿನ್ನದ ಹಣದಲ್ಲಿ ಉಳಿದದ್ದನ್ನೂ ಸೇರಿಸಿ ಮೂರು ತಿಂಗಳ ಖರ್ಚು ಪ್ರತ್ಯೇಕ ಇಟ್ಟಿದ್ದೇವೆ. ಏಕೆಂದರೆ ಪಿಂಚಣಿ ಘೋಷಿಸಿದ ದಿನ ಬರುವುದಿಲ್ಲ. 2023ರ ಕೊನೆಯಲ್ಲಿ ತಿಂಗಳುಗಟ್ಟಲೆ ಬಾಕಿಯಾದಾಗ ಇಡುಕ್ಕಿಯ ಅಡಿಮಾಲಿಯಲ್ಲಿ ಇಬ್ಬರು ಅಜ್ಜಿಯಂದಿರು ಪಾತ್ರೆ ಹಿಡಿದು ಭಿಕ್ಷೆಗಿಳಿದದ್ದು ದೇಶವೇ ನೋಡಿದ ಚಿತ್ರ.

ಈ ಲೆಕ್ಕದಲ್ಲಿ ಕಾಣದೆ ಇರುವುದು ಪಾಲಿಯೇಟಿವ್ ಸಿಸ್ಟರ್. ಉಪಶಮನ ಆರೈಕೆಗೆ ನೀತಿಯೆಂದು ಮಾಡಿದ ದೇಶದ ಮೊದಲ ರಾಜ್ಯ ಕೇರಳ, 2008ರಲ್ಲಿ. 1993ರಲ್ಲಿ ಕೋಝಿಕ್ಕೋಡಿನ ಕೆಲವು ವೈದ್ಯರು ಶುರು ಮಾಡಿದ ಕೆಲಸ ಪಂಚಾಯತಿನ ಯೋಜನೆಯಾಗಿ ಮನೆ ಬಾಗಿಲಿಗೆ ಬಂತು. ಗಾಯ ಕಟ್ಟುವುದು, ಕ್ಯಾಥೆಟರ್ ಬದಲಿಸುವುದು, ವಾಕರೋ ವಾಟರ್ ಬೆಡ್ಡೋ ಎರವಲು ಕೊಡಿಸುವುದು, ಎಲ್ಲ ಹಣವಿಲ್ಲದೆ. ಪೇಟೆಯ ವೃದ್ಧಾಶ್ರಮಗಳು ಬಿಲ್ಲು ಹಾಕುವುದು ಇಂಥ ಕೆಲಸಗಳಿಗೇ. ನೋಡಿಕೊಳ್ಳಲು ಆಶಾ ಕಾರ್ಯಕರ್ತೆಗೆ ಹೇಳಿ ಹೆಸರು ಬರೆಸಿದರಾಯಿತು. ಹಾಸಿಗೆ ಹಿಡಿದವರ ಆರೈಕೆಗೆ ನಿಂತವರಿಗೆ ಕೇರಳದ ಆಶ್ವಾಸಕಿರಣಂ ಯೋಜನೆ ತಿಂಗಳಿಗೆ 600 ಕೊಡುತ್ತದೆ. ಅದನ್ನು ಬಂದಾಗ ಬಂತು ಎಂದು ಲೆಕ್ಕದ ಹೊರಗಿಡುವುದು ಕ್ಷೇಮ. ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ. ನಮ್ಮ ಜಿಲ್ಲೆಯಲ್ಲಿ ಕನ್ನಡಿಗರು ಸರಕಾರದೊಂದಿಗೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕು ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯ ಕಾಲದಿಂದಲೂ ಇದೆ. ಓದಲಾಗದ ಫಾರ್ಮಿಗೆ ಹೆಬ್ಬೆಟ್ಟು ಒತ್ತುವುದಕ್ಕಿಂತ ತಿಳಿದ ಅಕ್ಷರದಲ್ಲಿ ಕೇಳುವುದು ಮೇಲು.

ಎಂಟು ಸಾವಿರದಲ್ಲಿ ಕೊಳ್ಳಲಾಗದ್ದು ಒಂದೇ: ರಾತ್ರಿ. ರಾತ್ರಿ ಮಲಗಲು ಹೋಂ ನರ್ಸ್ ಇಟ್ಟರೆ ಇಡೀ ಲೆಕ್ಕ ಮಗುಚಿ ಬೀಳುತ್ತದೆ. ಬಂದ್ಯೋಡಿನಲ್ಲಿ 3000 ರೂಪಾಯಿ ಬಾಡಿಗೆ ಕೊಟ್ಟು ಒಂದು ಕೋಣೆಯಲ್ಲಿದ್ದ, ಚಿಕ್ಕಮ್ಮನ ಜೊತೆ ಹಿಂದೆ ಬೀಡಿ ಕಟ್ಟುತ್ತಿದ್ದ ಇನ್ನೊಬ್ಬ ವಿಧವೆ ನೆನಪಾದರು. ಅವರ ಪಿಂಚಣಿಯೆಲ್ಲ ಬಾಡಿಗೆಗೇ ಹೋಗಿ ಸಾಲುತ್ತಿರಲಿಲ್ಲ. ಈಗ ಚಿಕ್ಕಮ್ಮನ ಮನೆಯ ಚಾವಡಿ ಕೋಣೆಯಲ್ಲಿದ್ದಾರೆ. ಬಾಡಿಗೆ ಇಲ್ಲ, ರಾತ್ರಿ ಮನೆಯಲ್ಲೇ ಇರಬೇಕು, ಏನಾದರೂ ಆದರೆ ನಮಗೆ ಫೋನ್ ಮಾಡಬೇಕು, ಅಷ್ಟೇ ಕರಾರು. ನಂಬಿಕೆಯಿದ್ದರೂ ಹನ್ನೊಂದು ತಿಂಗಳಿಗೆಂದು ಕಾಗದ ಬರೆಸಿದೆವು, ಏಕೆಂದರೆ ನಾಳೆ ಕೇಳುವವರು ನಾವಷ್ಟೇ ಅಲ್ಲ. ಒಂದು ಸೂರಿನಲ್ಲಿ ಇಬ್ಬರ ವಸತಿ ಸಮಸ್ಯೆ ಕಳೆಯಿತು. ಇದಕ್ಕೆ ಯಾವ ಯೋಜನೆಯ ಹೆಸರೂ ಇಲ್ಲ, ಇರಬೇಕಿತ್ತು ಎಂದು ನನಗನ್ನಿಸುತ್ತದೆ. ಪಂಚಾಯತ್ ಮೆಂಬರ್ ಮನಸ್ಸು ಮಾಡಿದರೆ ವಾರ್ಡಿನಲ್ಲಿ ಇಂಥ ನಾಲ್ಕು ಜೋಡಿ ಹೊಂದಿಸಬಹುದು.

ಅಡುಗೆ ಬೇರೆ ಬೇರೆ, ಕಾರ್ಡೂ ಬೇರೆ ಬೇರೆ. ಎರಡು ತಿಂಗಳಿಗೊಮ್ಮೆ ಬರುವ ಕೆ.ಎಸ್.ಇ.ಬಿ. ಬಿಲ್ಲು ಮಾತ್ರ ಅರ್ಧರ್ಧ. ಕಳೆದ ಬಿಲ್ಲು ಬಂದಾಗ ಇಬ್ಬರಿಗೂ ಜಗಳವಾಗಿ ನನಗೆ ಫೋನು ಬಂತು: ಯಾರ ಕೋಣೆಯ ಫ್ಯಾನು ಹೆಚ್ಚು ತಿರುಗುತ್ತದೆ ಎಂದು. ಸಬ್ ಮೀಟರ್ ಹಾಕಿಸಿಕೊಡು ಎಂದು ಇಬ್ಬರೂ ಒಂದೇ ದನಿಯಲ್ಲಿ ಹೇಳಿದರು. ಅದರ ಖರ್ಚು ಯಾರದ್ದು ಎಂಬ ಚರ್ಚೆ ಇನ್ನೂ ನಡೆಯುತ್ತಿದೆ.