ಗ್ರಾಮೋಫೋನ್ ತಟ್ಟೆಗಳನ್ನು ತೊಳೆಯುವ ಮೊದಲು

ಅಟ್ಟದಿಂದ ಹಳೆಯ ಗ್ರಾಮೋಫೋನ್ ತಟ್ಟೆಗಳನ್ನು ಇಳಿಸಿದರೆ ಅವು ಯಾವುದರಿಂದ ಮಾಡಿದವೆಂಬುದನ್ನು ನಾವು ಮೊದಲು ತಿಳಿಯಬೇಕು. ನಿಮಿಷಕ್ಕೆ 78 ಸುತ್ತು ತಿರುಗುವ, ಭಾರವಾದ, ಕೈಜಾರಿದರೆ ಒಡೆಯುವ ಹಳೆಯ ತಟ್ಟೆಗಳು ಹೆಚ್ಚಾಗಿ ಅರಗಿನವು. 1948ರಲ್ಲಿ ಅಮೆರಿಕದಲ್ಲಿ ಹೊರಬಂದ, 33⅓ ಸುತ್ತಿನ ದೀರ್ಘ ತಟ್ಟೆಗಳು ವಿನೈಲ್ ಎಂಬ ಪ್ಲಾಸ್ಟಿಕ್ಕಿನವು. ಬಗ್ಗಿಸಿ ಪರೀಕ್ಷಿಸುವುದು ಬೇಡ. ನಡುವಿನ ಚೀಟಿಯನ್ನು ಓದಿದರೆ ಸಾಕು.

ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಬಡಗಿಗಳು ಮರಕ್ಕೆ ಹಚ್ಚುವ ಪಾಲಿಶನ್ನು ತಯಾರಿಸುವುದೂ ಹಾಗೆಯೇ. ಅಜ್ಜನ ಕಾಲದ ನಾಟಕದ ಹಾಡಿನ ತಟ್ಟೆಯನ್ನು ಸ್ಪಿರಿಟ್ಟಿನಿಂದ ಒರೆಸಿದರೆ ಕೊಳೆಯೊಡನೆ ಹಾಡೂ ಅಳಿಸಿಹೋದೀತು. ಅದರ ಇನ್ನೊಂದು ಪ್ರತಿ ಎಲ್ಲಿ ಸಿಗಬೇಕು? ಅಂಥ ತಟ್ಟೆಯನ್ನು ನೀರಿನಲ್ಲಿ ನೆನೆಹಾಕಲೂ ಬಾರದು. ಒದ್ದೆ ಬಟ್ಟೆಯಿಂದ ಬೇಗನೆ ಒರೆಸಿ, ಕೂಡಲೇ ಒಣಬಟ್ಟೆಯಿಂದ ಒತ್ತಿ ತೇವ ತೆಗೆಯಬೇಕು.

ವಿನೈಲಿಗೆ ನೀರಿನ ಭಯವಿಲ್ಲ. ಅಂಚನ್ನಷ್ಟೇ ಹಿಡಿದು, ಮೆತ್ತನೆಯ ಬ್ರಷ್ಷಿನಿಂದ ಗೆರೆಗಳ ಜಾಡಿನಲ್ಲೇ ಸುತ್ತುತ್ತ ಧೂಳು ತೆಗೆಯೋಣ. ಅಡ್ಡಲಾಗಿ ಉಜ್ಜಿದರೆ ಗೀರು ಬೀಳುತ್ತದೆ. ಉಳಿದ ಧೂಳು ಮುಳ್ಳಿನಡಿ ಸಿಕ್ಕಿ ಚಟಪಟ ಸದ್ದು ಮಾಡುವುದಲ್ಲದೆ ಗೆರೆಯ ಗೋಡೆಯನ್ನೂ ಸವೆಸುತ್ತದೆ. ನಮ್ಮ ಕಾಸರಗೋಡಿನ ಮಳೆಗಾಲದಲ್ಲಿ ಬೂಸು ಹಿಡಿದಿದ್ದರೆ ಅದನ್ನು ಮನೆಯ ಹೊರಗೇ ಒರೆಸುವುದೊಳ್ಳೆಯದು. ಬಳಿಕ ಬ್ಯಾಟರಿಗೆ ಹಾಕುವ ಬಟ್ಟಿ ಇಳಿಸಿದ ನೀರಿಗೆ ಪಾತ್ರೆ ತೊಳೆಯುವ ದ್ರವಸೋಪಿನ ಒಂದೆರಡು ಹನಿ ಸೇರಿಸಿ, ಮೆತ್ತನೆಯ ಬಟ್ಟೆಯಿಂದ ಒರೆಸಿ, ಬರಿಯ ಬಟ್ಟಿ ನೀರಿನಿಂದ ಸೋಪು ಬಿಡಿಸಬೇಕು. ಬೋರ್‌ವೆಲ್ ನೀರಾದರೆ ಅದರಲ್ಲಿನ ಲವಣ ಗೆರೆಗಳಲ್ಲೇ ಉಳಿಯುತ್ತದೆ. ಚೀಟಿ ಮಾತ್ರ ನೆನೆಯಬಾರದು.

ಒಣಗಿಸುವುದು ನೆರಳಿನಲ್ಲಿ, ಬಿಸಿಲಿಗೆ ವಿನೈಲ್ ಸೊಟ್ಟಗಾಗುತ್ತದೆ. ಪೂರ್ತಿ ಒಣಗಿದ ಮೇಲೆ ಒಂದರ ಮೇಲೊಂದು ಪೇರಿಸದೆ, ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಿಡೋಣ.